ಕಲ್ಲಾನೆಗಳ ಮುಂದೆ ಕರೆದ ಹೆಸರು

ಫಲ್ಲಾ ಅಜ್ಜಿ ಎಂಥ ಹಟಮಾರಿ ಎಂದರೆ, ಸೀಯಮ್ ರೀಪ್ ಸೀಮೆಯ ಆ ಪಾಳುಗುಡಿಯ ಗೋಡೆಯಲ್ಲಿ ತಾವರೆ ಕೀಳುತ್ತ ನಿಂತ ಕಲ್ಲಾನೆಗಳ ಸೊಂಡಿಲಾದರೂ ಮುರಿದೀತು, ಇವಳ ಹಟ ಮುರಿಯದು ಎಂದು ಊರೇ ಆಡಿಕೊಳ್ಳುತ್ತಿತ್ತು. ಊರೂರನ್ನೇ ಜೀತಕ್ಕೆ ದುಡಿಸಿ ಕೊಂದ ಕರಿ ಅಂಗಿಯ ಬಂಡುಕೋರರ ಆಳ್ವಿಕೆಯಲ್ಲಿ ಅವಳ ಗಂಡ ಖೋನ್‌ನನ್ನು ಕಾಲುವೆ ತೋಡಲೆಂದು ಎಳೆದೊಯ್ದದ್ದು ಆ ಆನೆಗಳ ಮುಂದಿನಿಂದಲೇ. ಅವನು ಮರಳಲಿಲ್ಲ. ಹೆಣ ಕಂಡವರೂ ಇಲ್ಲ.

"ನನ್ನ ಗಂಡ ಸತ್ತ ಅಂತ ಹೇಳೋಕೆ ನೀವ್ಯಾರು?" ಎಂದು ಫಲ್ಲಾ ಎಲ್ಲರ ಬಾಯಿ ಮುಚ್ಚಿಸಿದಳು. ಅಂದಿನಿಂದ ಪ್ರತಿ ವರ್ಷ ಮೀನು ಹಿಡಿಯುವ ಬುಟ್ಟಿಯಲ್ಲಿ ಅವನ ಅಂಗಿಯಿಟ್ಟು, ಆನೆಗಳೆದುರು ನಿಂತು ಅವನ ಜೀವವನ್ನು ಕರೆಯುತ್ತಾಳೆ. ಬೆದರಿ ಕಾಡುಪಾಲಾದ ಜೀವವನ್ನು ಮೈಗೆ ಮರಳಿಸುವ ಕ್ರಮ ಅದು. ಬದುಕಿರುವವರಿಗೆ ಮಾತ್ರ ಸಲ್ಲುವಂಥದ್ದು. ಪಿತೃಪಕ್ಷದಲ್ಲಿ ಊರೆಲ್ಲ ಬೌದ್ಧ ವಿಹಾರಕ್ಕೆ ಸತ್ತವರ ಪಿಂಡ ಒಯ್ದರೂ ಖೋನ್‌ನ ಹೆಸರಿಗೆ ಒಂದಗುಳೂ ಇಲ್ಲ. ಕೊಟ್ಟರೆ ಅವನು ಸತ್ತಂತಾಯಿತಲ್ಲ!

ಈ ಸಲ ಪಿತೃಪಕ್ಷದ ನಡುವೆ ಮಗಳು ಥಿದಾ ಕಂಗೆಟ್ಟು ಬಂದಳು. ಅಪ್ಪನನ್ನು ಎಳೆದೊಯ್ದಾಗ ಅವಳಿನ್ನೂ ಹೊಟ್ಟೆಯಲ್ಲಿದ್ದಳು.

"ಅಮ್ಮಾ, ದಿನಾ ಕನಸಲ್ಲಿ ಒಬ್ಬ ಬರ್ತಾನೆ. ಮೊಣಕಾಲವರೆಗೂ ಕೆಸರು. ಬಾಗಿಲಲ್ಲೇ ನಿಲ್ತಾನೆ, ಒಳಗೆ ಬರಲ್ಲ."

"ಯಾವನೋ ಕುಡುಕ ಇರ್ಬೇಕು, ಬಿಡೇ."

"ಅಲ್ಲಮ್ಮ. ನಗುವಾಗ ಮುರುಕು ಹಲ್ಲು ಕಾಣಬಾರ್ದು ಅಂತ ಕೈ ಅಡ್ಡ ಇಟ್ಕೋತಾನೆ. 'ನಿಮ್ಮಮ್ಮ ಬಾ ಬಾ ಅಂತಾಳೆ, ಅದಕ್ಕೆ ಎಲ್ಲಿಗೂ ಹೋಗೋಕಾಗ್ತಿಲ್ಲ. ಊಟ ಮಾತ್ರ ಹಾಕಲ್ಲ' ಅಂದ."

ಫಲ್ಲಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಖೋನ್‌ನ ಆ ಮುರುಕು ಹಲ್ಲಿನ ಮಾತನ್ನು ಅವಳು ಮಗಳಿಗೆ ಎಂದೂ ಹೇಳಿರಲಿಲ್ಲ. ಅಯ್ಯೋ, ಕರೆಕರೆದು ತಾನೇ ಅವನನ್ನು ಕಟ್ಟಿಹಾಕಿದಳೇ? ಇಷ್ಟು ವರ್ಷ ಹಸಿದವನ ಬಾಯಿಗೆ ತಾನೇ ಮಣ್ಣು ಹಾಕಿದಳೇ?

ಮರುದಿನ ತಾಯಿ ಮಗಳು ಗುಡಿಗೆ ಹೋದರು. ಯಾವತ್ತೂ ಸುಮ್ಮನೆ ನಿಂತಿರುತ್ತಿದ್ದ ಆನೆಗಳು ಇಂದು ಗೋಡೆ ಬಿಟ್ಟು ತನ್ನತ್ತ ಹೆಜ್ಜೆ ಹಾಕುತ್ತಿವೆ ಎಂದು ಫಲ್ಲಾಳಿಗೆ ಅನ್ನಿಸಿತು. ಅವಳು ಅಂಗಿ ತಂದಿರಲಿಲ್ಲ. ಬಾಳೆಲೆಯಲ್ಲಿ ಎಳ್ಳು ಬೆರೆಸಿದ ಪಿಂಡವಷ್ಟೇ ಇತ್ತು. ಅದನ್ನು ಇಡಲು ಮಾತ್ರ ಕೈ ಬರಲೊಲ್ಲದು.

"ನಾನು ಇಡ್ಲಾ, ಅಮ್ಮ?"

"ಬೇಡ. ಕರೆದೋಳು ನಾನು, ಕಳಿಸೋಳೂ ನಾನೇ."

ಕೊನೆಗೂ ಎಲೆಯನ್ನು ಆನೆಯ ಕಾಲ ಬಳಿ ಬಿಡಿಸಿಟ್ಟಳು.

"ಖೋನ್, ಉಣ್ಣು. ತಡ ಮಾಡಿದೆ, ತಪ್ಪಾಯ್ತು. ಹೊಟ್ಟೆ ತುಂಬ ಉಂಡು ಹೊರಟುಹೋಗು. ಇನ್ನು ನಾನು ಕರೆಯಲ್ಲ."

ಒಂದೆಲೆಯೂ ಅಲುಗಲಿಲ್ಲ. ಫಲ್ಲಾ ಆ ಕಲ್ಲಿಗೆ ಹಣೆ ಹಚ್ಚಿ, ಗಂಡ ಸತ್ತನೆಂದು ಮೊದಲ ಸಲ ಗೋಳೋ ಎಂದು ಅತ್ತಳು.