ಫೋನ್ ಇಟ್ಟ ಮೇಲೆ

ಚಿಕ್ಕಮ್ಮನ ತಲೆಗೂದಲಲ್ಲಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ತಗ್ಗೊಂದು ಬಿದ್ದಿತ್ತು. ತರೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿಕೊಂಡು ಊರವರ ಫೋನುಗಳಿಗೆ ಲೈನ್ ಜೋಡಿಸುತ್ತ ಕೂತಿದ್ದರ ಗುರುತು ಅದು. ಬೆಳಿಗ್ಗೆ ಎಣ್ಣೆ ಹಚ್ಚಿ ಬಾಚಿಕೊಂಡು ಹೋದರೂ ಸಂಜೆಯ ಹೊತ್ತಿಗೆ ಕೂದಲು ಮತ್ತೆ ಅಲ್ಲೇ ಒತ್ತಿಕೊಂಡಿರುತ್ತಿತ್ತು. ಮನೆಗೆ ಬಂದವಳು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಆಗ ಮಾತಾಡಿಸಿದರೆ ಒಂದೇ ಉತ್ತರ. "ಕಿವಿ ತುಂಬ್ಹೋಗಿದೆ ಕಣೇ. ಇನ್ನೊಂದು ಮಾತು ಹಿಡಿಯಲ್ಲ."

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನದು ಅಜ್ಜಂಪುರ. ಬಿ.ಎ. ಓದಲು ತರೀಕೆರೆಯ ಅಜ್ಜಿಮನೆಯಲ್ಲಿದ್ದುಕೊಂಡು ರೈಲಿನಲ್ಲಿ ಕಡೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಮನೆಯಲ್ಲಿ ನಾವು ಮೂವರೇ: ಅಜ್ಜಿ, ಮದುವೆಯಾಗದ ಚಿಕ್ಕಮ್ಮ, ನಾನು. ಚಿಕ್ಕಮ್ಮನಿಗೆ ಒಬ್ಬ ತಮ್ಮನಿದ್ದ. ಲಕ್ಕವಳ್ಳಿಯ ಡ್ಯಾಮಿನಲ್ಲಿ ಕೆಲಸಕ್ಕಿದ್ದವನು ನಾಲೆಗೆ ಬಿದ್ದು ತೀರಿಹೋಗಿದ್ದ. ನಾನು ಆ ಮನೆಗೆ ಬರುವ ಮುಂಚಿನ ಮಾತು ಅದು. ಆಮೇಲೆ ಅಜ್ಜಿಗೆ ಮರೆವು ಹತ್ತಿತು. ಮಗ ಸತ್ತದ್ದನ್ನೂ ಮರೆತರು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಜ್ಜಿ ಕೇಳುತ್ತಿದ್ದರು, "ಹುಡುಗ ಬಂದ್ನೇನೇ?"

"ಬೀರೂರಿಗೆ ಹೋಗಿದಾನೆ ಕಣವ್ವ. ರೈಲು ತಡ ಅಂತೆ, ಬತ್ತಾನೆ," ಅನ್ನುತ್ತಿದ್ದಳು ಚಿಕ್ಕಮ್ಮ. ಮಾರನೆಯ ದಿನ ಬೀರೂರಿನ ಬದಲು ಕಡೂರು, ರೈಲಿನ ಬದಲು ಬಸ್ಸು. ಒಂದು ಸಂಜೆ ಸಾಕಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅಜ್ಜಿ ಆಗಷ್ಟೇ ಸುದ್ದಿ ಬಂದವರಂತೆ ಎದೆ ಬಡಿದುಕೊಂಡು ಅತ್ತರು. ಮಾರನೆಯ ಸಂಜೆ ಮತ್ತೆ ಅದೇ ಪ್ರಶ್ನೆ. ಚಿಕ್ಕಮ್ಮ ಮತ್ತೆ ಸುಳ್ಳಿಗೇ ಮರಳಿದಳು.

ಆ ವರ್ಷ ನಮಗೆ ಪಠ್ಯವಾಗಿ ಒಂದು ನವ್ಯ ಕಾದಂಬರಿ ಇತ್ತು. ಹೊಳೆಯ ದಡದಲ್ಲಿ ದೋಣಿಗಾಗಿ ಕಾಯುತ್ತ ಕೂತ ಹೆಂಗಸೊಬ್ಬಳ ಮನಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾದುಹೋಗುವುದಷ್ಟೇ ಅದರ ವಸ್ತು. ಸತ್ತ ಅಪ್ಪ ಬಂದು ಪಕ್ಕದಲ್ಲಿ ಕೂರುತ್ತಾನೆ. ಹುಟ್ಟದೇ ಹೋದ ಮಗಳು ನೀರು ಎರಚುತ್ತಾಳೆ. ಒಂದೊಂದು ವಾಕ್ಯವೂ ಪುಟ ದಾಟಿದರೂ ಮುಗಿಯುವುದಿಲ್ಲ. ನಾನು ಪುಸ್ತಕವನ್ನು ಚಾಪೆಯ ಮೇಲೆ ಎಸೆದು, "ಇದರಲ್ಲಿ ಕಥೆನೇ ಇಲ್ಲ ಚಿಕ್ಕಮ್ಮ. ಏನೂ ಆಗೋದೇ ಇಲ್ಲ," ಅಂದೆ.

ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು.

ವಾರಪತ್ರಿಕೆಯ ಧಾರಾವಾಹಿಗಳನ್ನು ಅವಳು ಸಾರು ಕುದಿಯುವಷ್ಟರಲ್ಲಿ ಓದಿ ಮುಗಿಸುವವಳು. ಇದನ್ನು ಮಾತ್ರ ಅರ್ಧ ಪುಟ ಓದಿ ಸುಮ್ಮನೆ ಕೂತುಬಿಡುತ್ತಿದ್ದಳು. ಓದಿದ್ದನ್ನೇ ಮತ್ತೆ ಓದುತ್ತಿದ್ದಳು. ಅರ್ಥವಾಯಿತೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಇಂದಿಗೂ ಹಾಗೆಯೇ ನೆನಪಿದೆ.

"ಕಥೆ ಬೇಕಂದ್ರೆ ಎಕ್ಸ್‌ಚೇಂಜಲ್ಲಿ ದಿನಾ ರಾಶಿ ಸಿಗುತ್ತೆ ಕಣೇ. ಹುಟ್ಟಿದ್ದು, ಸತ್ತಿದ್ದು, ಜಗಳ, ಎಲ್ಲಾ. ಆದ್ರೆ ಫೋನ್ ಇಟ್ಟ ಮೇಲೆ ಜನ ಸುಮ್ನೆ ಕೂತಿರ್ತಾರಲ್ಲ, ಅದು ನಂಗೆ ಯಾವತ್ತೂ ಕೇಳಿಸಿರ್ಲಿಲ್ಲ. ಇದರಲ್ಲಿ ಅದಿದೆ."

ಒಂದು ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಒಳಗೆ ಬಂದಾಗ ಅವಳು ಪುಸ್ತಕವನ್ನು ಮಡಿಲಲ್ಲಿ ಬೋರಲಾಗಿಟ್ಟುಕೊಂಡು ಅಳುತ್ತಿದ್ದಳು. ಆಚೆ ದಡದಿಂದ ಯಾರೋ ಕರೆದಂತಾಗಿ, ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ತಿಳಿಯದೆ ಆ ಹೆಂಗಸು "ಓ" ಅನ್ನುವ ಪುಟ ಅದು. ಚಿಕ್ಕಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮ ಮಾವ ಹೋದ ದಿನ ಲಕ್ಕವಳ್ಳಿಯಿಂದ ಬಂದ ಫೋನು ಹಿಡಿದೋಳು ನಾನೇ ಕಣೇ," ಅಂದಳು. "ಎದುರುಮನೆ ಸಾಹುಕಾರ್ರ ನಂಬರ್ ಕೇಳಿದ್ರು. ಲೈನ್ ಕೊಟ್ಟು, 'ಮಾತಾಡಿ' ಅಂದೆ. ಲೈನ್ ಸಿಕ್ತಾ ಅಂತ ನೋಡೋವಾಗ ನಂಗೂ ಕೇಳಿಸ್ತು. ನಿಮ್ಮೆದುರು ಮನೆ ಹುಡುಗ ನಾಲೇಲಿ ಹೋಗ್ಬಿಟ್ಟ, ಅವರಮ್ಮಂಗೆ ಹೇಳಿ ಅಂತ."

ಕೈಲಿದ್ದ ಬಕೆಟ್ ಕೆಳಗಿಟ್ಟು ನಾನು ಅವಳ ಎದುರು ಕೂತೆ.

"ಬೋರ್ಡಲ್ಲಿ ಒಬ್ಳೇ ಇದ್ದೆ. ಇನ್ನೊಬ್ರು ಬರೋ ತನಕ ಎದ್ದು ಬರೋ ಹಂಗಿರ್ಲಿಲ್ಲ. ಯಾರಿಗೋ ಅಡಿಕೆ ರೇಟು ಬೇಕಿತ್ತು, ಯಾರಿಗೋ ಮೊಮ್ಮಗು ಹುಟ್ಟಿತ್ತು. ಎಲ್ರಿಗೂ ಲೈನ್ ಕೊಟ್ಟೆ. ಮನೆಗೆ ಬಂದ್ರೆ ಜನ ಸೇರಿದ್ರು, ಅವ್ವ ಬಿದ್ದು ಹೊರಳಾಡ್ತಿದ್ರು. ಅವರನ್ನ ಹಿಡ್ಕೊಂಡೆ. ನನ್ನ ಅಳು ಮುಗಿದ್ಹೋಯ್ತು ಅಂತ ಅನ್ಕೊಂಡಿದ್ದೆ. ಅದಿನ್ನೂ ಶುರುನೇ ಆಗಿರ್ಲಿಲ್ಲ ನೋಡು."

ಒಳಗಿನಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. "ಯಾಕ್ ಮಗಾ ಅಳ್ತೀಯಾ?"

ಚಿಕ್ಕಮ್ಮ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟವನ್ನೇ ಗಟ್ಟಿಯಾಗಿ ಓದತೊಡಗಿದಳು. ಕಥೆ ಹೇಳಿದರೆ ಹಿಂದಿನದು ಮರೆತು ತಳಮಳಿಸುವ ಅಜ್ಜಿ ಅಂದು ಅಲ್ಲಾಡದೆ ಕೇಳಿದರು. ಈ ಪುಸ್ತಕಕ್ಕೆ ಹಿಂದಿನದು ನೆನಪಿರಬೇಕಾಗಿರಲಿಲ್ಲ. ಯಾವ ಸಾಲಿನಲ್ಲಿ ಬಂದು ಕೂತರೂ ನಡೆಯುತ್ತಿತ್ತು. ಸತ್ತವರು ಸತ್ತಿದ್ದಾರೆಂದು ಅದು ಯಾರನ್ನೂ ತಿದ್ದುತ್ತಿರಲಿಲ್ಲ.

ಆ ಸಂಜೆ ಅಜ್ಜಿ ಎಂದಿನಂತೆ ಕೇಳಿದರು, "ಹುಡುಗ ಬಂದ್ನೇನೇ?"

ಚಿಕ್ಕಮ್ಮ ಹಚ್ಚಿದ ದೀಪವನ್ನು ಗೂಡಿನಲ್ಲಿಟ್ಟಳು. ಆಮೇಲೆ ಅಂದಳು, "ಇಲ್ಲ ಕಣವ್ವ. ನಾನೂ ಕಾಯ್ತಾ ಇದೀನಿ."

"ಹಂಗಾದ್ರೆ ಬಾ ಇಲ್ಲಿ. ಇಬ್ರೂ ಕಾಯಣ," ಎಂದು ಅಜ್ಜಿ ಚಾಪೆಯಲ್ಲಿ ಸರಿದು ಜಾಗ ಮಾಡಿದರು.

ಹಾಗೆಂದು ಚಿಕ್ಕಮ್ಮನ ದಣಿವೇನೂ ಕಳೆಯಲಿಲ್ಲ. ಅಜ್ಜಿಯ ಮೈ ತೊಳೆಯುವುದು, ಹಾಸಿಗೆ ಒಗೆಯುವುದು, ಬೆಳಗಾದರೆ ಊರವರ ಮಾತಿಗೆಲ್ಲ ಕಿವಿಯಾಗುವುದು ಹಾಗೆಯೇ ನಡೆಯಿತು. ಆದರೆ ಸುಳ್ಳು ಹುಡುಕುವ ಕೆಲಸವೊಂದು ತಪ್ಪಿತು. ಅಜ್ಜಿ ಹೋಗುವವರೆಗೂ ಸಂಜೆ ಒಂದೆರಡು ಪುಟ ಓದುವುದು ರೂಢಿಯಾಯಿತು. ಕೊನೆಯ ಪುಟವಾದ ಮೇಲೆ ಮತ್ತೆ ಮೊದಲ ಪುಟ.

ಎಂಬತ್ತರ ದಶಕದಲ್ಲಿ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂತು. ಜನ ತಾವೇ ನಂಬರ್ ತಿರುಗಿಸಿಕೊಳ್ಳತೊಡಗಿದರು. ಚಿಕ್ಕಮ್ಮನನ್ನು ಬೀರೂರಿನ ಆಫೀಸಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಹಾಕಿದರು. ನಾನು ಅಷ್ಟರಲ್ಲಿ ಕಡೂರಿನ ಕಾಲೇಜಿನಲ್ಲಿ ಕನ್ನಡ ಮೇಡಂ ಆಗಿದ್ದೆ. ಪಾಠ ಮಾಡಿ ಗಂಟಲು ಒಣಗಿಸಿಕೊಂಡು ಬೀರೂರಿನ ಅವಳ ಬಾಡಿಗೆ ಮನೆಗೆ ಹೋದರೆ, "ಏನೂ ಹೇಳ್ಬೇಡ, ಕೂತ್ಕೋ," ಎಂದು ಕಾಫಿ ಇಡುತ್ತಿದ್ದಳು. ಇಬ್ಬರೂ ಮಾತಿಲ್ಲದೆ ಕುಡಿಯುತ್ತಿದ್ದೆವು. ಅಷ್ಟು ಸುಮ್ಮನೆ ಕೂರಲು ನನಗೆ ಬೇರೆ ಯಾರ ಮನೆಯಲ್ಲೂ ಜಾಗ ಸಿಕ್ಕಿಲ್ಲ. ಒಂದು ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ತಿಥಿಯ ಕೆಲಸಗಳನ್ನೆಲ್ಲ ನಾನೇ ನಿಂತು ಮಾಡಿಸಿದೆ. ಬಂದವರಿಗೆ ಊಟ ಹಾಕಿಸಿದೆ, ಬಾಡಿಗೆ ಮನೆ ಖಾಲಿ ಮಾಡಿಸಿದೆ, ಕಾಲೇಜಿಗೂ ಹೋದೆ. ಆಮೇಲೆ ಒಂದು ದಿನ ಬೀರೂರಿನಿಂದ ಕಡೂರಿಗೆ ಬಸ್ಸಿನಲ್ಲಿ ಹೋಗುವಾಗ, ಅವಳ ಮನೆಯಲ್ಲಿ ಸಿಕ್ಕಿದ್ದ ಆ ಕಾದಂಬರಿ ತೆರೆದೆ. ಪರೀಕ್ಷೆಗೆ ಓದಿದ್ದೆ, ಪಾಸಾಗಿದ್ದೆ. ನಿಜವಾಗಿ ಓದಿದ್ದು ಆ ಬಸ್ಸಿನಲ್ಲೇ. ಒಂದು ಪುಟ ಮುಗಿಯುವಷ್ಟರಲ್ಲಿ ಅಕ್ಷರ ಕಾಣದಾಯಿತು.

ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ, ಗುರುತಿಲ್ಲದ ಹೆಂಗಸು ನನ್ನ ಮುಖ ನೋಡಿ ಕೇಳಿದಳು, "ಯಾರಾದ್ರೂ ಹೋಗ್ಬಿಟ್ರೇನವ್ವ?"

"ಹೂಂ. ನಮ್ಮ ಚಿಕ್ಕಮ್ಮ," ಅಂದೆ.

ಅಷ್ಟು ದಿನಗಳಲ್ಲಿ ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅವಳು ನನ್ನ ಬ್ಯಾಗನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು, ನಾನು ಅಳಲೆಂದು.