ಕೂಸಿಗಿಂತ ಮೊದಲು ಕಟ್ಟುವ ಲಿಂಗ

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ನಾವು ಆರಿಸುವುದಿಲ್ಲ, ಚೀಟಿ ಆರಿಸುತ್ತದೆ. ದೇವರಿದ್ದಾನೆಂದು ವಾದಿಸಿ ಕಪ್ ತಂದವನು ಮುಂದಿನ ಸ್ಪರ್ಧೆಯಲ್ಲಿ ಇಲ್ಲವೆಂದೂ ವಾದಿಸಿ ತಂದಿದ್ದೇನೆ. ನಂಬಿದ್ದು ಎರಡನೆಯದನ್ನು ಮಾತ್ರ. ಮನೆಯವರಿಗೂ ಅದು ಗೊತ್ತು. ಆದರೂ ಹೋದ ವರ್ಷ ಕಮಲಾಪುರದಿಂದ ಅವ್ವ ಫೋನ್ ಮಾಡಿ ದೇವರ ಪರ ವಕಾಲತ್ತಿಗೆ ಕರೆದದ್ದು ನನ್ನನ್ನೇ.

"ನಿಮ್ಮಕ್ಕ ಲಿಂಗ ಕಟ್ಟಿಸ್ಕೊಳ್ಳಲ್ಲ ಅಂತ ಹಟ ಹಿಡದಾಳ. ಸೋಮವಾರ ಅಯ್ಯನವರು ಬರ್ತಾರ. ಬಂದು ನಾಕ್ ಮಾತ್ ಹೇಳು."

"ನಾನೇ ನಂಬಲ್ಲಲ್ಲವ್ವ."

"ನಂಬು ಅಂದೋರ್ಯಾರು? ಹೇಳು ಅಂದೆ. ಕಪ್ಪಿನ ಸಲುವಾಗಿ ಹೇಳ್ತಿ, ಅಕ್ಕನ ಸಲುವಾಗಿ ಹೇಳಲ್ಲೇನು?"

ನಮ್ಮಲ್ಲಿ ಬಸುರಿಗೆ ಎಂಟು ತಿಂಗಳಾದಾಗ ಹೊಟ್ಟೆಯೊಳಗಿನ ಕೂಸಿನ ಹೆಸರಿನಲ್ಲಿ ಜಂಗಮ ಅಯ್ಯನವರು ಬಂದು ಇನ್ನೊಂದು ಲಿಂಗ ಕಟ್ಟುತ್ತಾರೆ. ಹೆರಿಗೆಯ ತನಕ ತಾಯಿ ತನ್ನದರ ಜೊತೆ ಅದನ್ನೂ ಪೂಜಿಸಬೇಕು. ಆಮೇಲೆ ಅದು ಕೂಸಿನದು. ಅಕ್ಕ ಮೊದಲ ಬಸುರಿನಲ್ಲಿ ಕಟ್ಟಿಸಿಕೊಂಡಿದ್ದಳು. ಕೂಸು ಉಳಿಯಲಿಲ್ಲ.

ಬ್ರಹ್ಮಪುರದ ನನ್ನ ರೂಮಿನಿಂದ ಹೊರಟು, ಬಸ್ಸಿನಲ್ಲೇ ವಾದ ಹೊಂದಿಸಿಕೊಂಡೆ. ಜೀವ ತಾನಾಗಿ ಹುಟ್ಟೀತೇ? ನಿಯಮವಿದ್ದಲ್ಲಿ ನಿಯಮ ಮಾಡಿದವನು ಬೇಡವೇ? ಎದುರಾಳಿ ಎಲ್ಲಿ ಹಿಡಿಯುತ್ತಾನೆಂಬುದೂ ಗೊತ್ತಿತ್ತು. ಆ ಎದುರಾಳಿ ನಾನೇ ತಾನೆ.

ಅಕ್ಕ ಪಡಸಾಲೆಯಲ್ಲಿ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದಳು. ಎರಡು ವಾಕ್ಯ ಮುಗಿಸುವುದರೊಳಗೆ ತಡೆದಳು.

"ಇದು ಸ್ಟೇಜಿನ ದನಿ. ನಿನ್ನ ದನಿ ತೆಗಿ. ಆ ಕೂಸಿನ ಜೀವ ಎಲ್ಲಿಂದ ಬಂದಿತ್ತು? ಕೊಟ್ಟೋನೊಬ್ಬ ಇದ್ದಾನೇನು?"

ಹೊಂದಿಸಿಕೊಂಡದ್ದನ್ನೆಲ್ಲ ಬಿಟ್ಟು ಅವಳ ಪಕ್ಕ ಕೂತೆ.

"ಅವ್ವನಿಂದ ನಿನಗ, ನಿನ್ನಿಂದ ಅದಕ್ಕ. ಹಿಂಗೇ ಹಿಂದಕ್ಕ ಹೋದ್ರ ಮನಷ್ಯಾರಿಲ್ಲ, ಗಿಡಾ ಇಲ್ಲ, ನೀರಾಗ ಕಣ್ಣಿಗಿ ಕಾಣದಂಥ ಒಂದು ಜೀವ. ಅದು ಹೆಂಗ ಬಂತು, ನನಗ ಗೊತ್ತಿಲ್ಲಕ್ಕ. ಪೂರ್ತಿ ಯಾರಿಗೂ ಗೊತ್ತಿಲ್ಲ. ಯಾರೋ ಕೂತು ಕೊಟ್ಟಾರ ಅಂತ ಮಾತ್ರ ನನಗ ಅನಸಲ್ಲ."

"ಮತ್ತ ಒಯ್ದದ್ದು?"

"ಯಾರೂ ಒಯ್ದಿಲ್ಲ."

ಸುಲಿದ ಹಣ್ಣು ಅವಳ ಕೈಯಲ್ಲೇ ಇತ್ತು. "ಪೂಜಿಯೊಳಗ ಏನರ ತಪ್ಪಿದ್ದಿ, ಅದಕ್ಕ ಶಿವ ವಾಪಸ್ ತಗೊಂಡ ಅಂತಾಳ ನಮ್ಮತ್ತಿ. ಯಾವತ್ತು ತಪ್ಪಿದೆ ಅಂತ ಇನ್ನೂ ಹುಡುಕ್ಲಕತ್ತೀನಿ."

"ಹುಡುಕಬ್ಯಾಡ."

"ಖರೆ?"

"ಖರೆ."

ಇಷ್ಟೇ ನನ್ನ ವಾದ. ಸ್ಪರ್ಧೆಯಲ್ಲಾಗಿದ್ದರೆ ಕೆಳಗಿಳಿಸಿ ಕಳಿಸುತ್ತಿದ್ದರು. 'ಗೊತ್ತಿಲ್ಲ' ಎಂದವನು ಸೋತ ಎಂದೇ ನಮಗೆ ಕಲಿಸಿದ್ದು. ಅಕ್ಕ ಹಣ್ಣು ತಿಂದು ಮುಗಿಸಿ ಒಳಗೆ ಕೂಗಿದಳು: "ಅವ್ವಾ, ಅಯ್ಯನವರಿಗಿ ಬರ್ಲಿಕ್ಕ ಹೇಳು."

ಅವ್ವ ಹೊರಗೆ ಓಡಿ ಬಂದಳು. "ನೋಡಿದ್ಯಾ? ನನ್ನ ಮಗನ ಮಾತಂದ್ರ ಹಂಗ!"

ತಿದ್ದಲು ಬಾಯಿ ತೆರೆದೆ. ಅಕ್ಕ ಕಾಲು ತುಳಿದಳು. ಅವ್ವ ಒಳಗೆ ಹೋದ ಮೇಲೆ ಕೇಳಿದೆ, "ಅಂದ್ರ ದೇವರಿದ್ದಾನಂತೀ?"

"ಅದನ್ನ ನೀವು ವಾದ ಮಾಡೋರೇ ಬಗಿಹರಿಸ್ಕೋರಿ. ಯಾರೂ ಸಿಟ್ಟಾಗಿಲ್ಲ ಅಂದಮ್ಯಾಲ ಕಟ್ಟಿಸ್ಕೊಳ್ಳಾಕ ಏನಂಜಿಕಿ? ಆ ಕೂಸಿಗಿ ಕಟ್ಟಿಸಿದ್ದೆ. ಇದಕ್ಕ ಯಾಕ ಬಿಡ್ಲಿ?"

ಸೋಮವಾರ ಅಯ್ಯನವರು ದಾರ ಹಿಡಿ ಎಂದಾಗ ಹಿಡಿದೆ. ನನ್ನ ಮಟ್ಟಿಗೆ ಆ ಲಿಂಗ ಈಗಲೂ ಕಲ್ಲೇ.

ಮಾರನೇ ಮುಂಜಾನೆ ಅಕ್ಕ ಎರಡೂ ಲಿಂಗಗಳನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದಳು. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸಪ್ಪಳ. ಮಂತ್ರವನ್ನು ನಡುವೆಯೇ ನಿಲ್ಲಿಸಿ, "ಏ ವಕೀಲಾ, ಹಾಲು ನೋಡೋ!" ಎಂದು ಕೂಗಿದಳು. ಆಮೇಲೆ, ಬಿಟ್ಟಲ್ಲಿಂದಲೇ ಮುಂದುವರಿಸಿದಳು.