ಸುಂಕವಿಲ್ಲದ ಮೆಣಸು

ನಾನು ಎಂ.ಎ. ಮುಗಿಸಿ ಗಡಿಯಂಚಿನ ನಮ್ಮೂರು ಬಾವಲಿಗೆ ಮರಳಿದ ವರ್ಷ ಕರಿಮೆಣಸಿನ ಬೆಲೆ ಬಿದ್ದಿತ್ತು. ಶ್ರೀಲಂಕಾದ ಜೊತೆ ಆದ ವ್ಯಾಪಾರ ಒಪ್ಪಂದದಿಂದ ಅಲ್ಲಿನ ಮೆಣಸು ಸುಂಕವಿಲ್ಲದೆ ಬರುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಅದೇ ಚಳಿಗಾಲದಲ್ಲಿ ಆದಿವಾಸಿಗಳು ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿದ್ದರು. ನಮ್ಮ ತೋಟದಲ್ಲಿ ಏಣಿ ಹತ್ತಿ ಮೆಣಸು ಬಿಡಿಸುತ್ತಿದ್ದ ನಾಲ್ವರೂ ಅಲ್ಲಿಗೆ ಹೋಗಿದ್ದರು. ರಸ್ತೆಯಲ್ಲಿ ಪೊಲೀಸ್ ಜೀಪುಗಳು ಹೆಚ್ಚಾಗಿದ್ದವು.

ಕೆಲಸಕ್ಕೆ ಉಳಿದವರು ಸಿಲೋನಕ್ಕ ಒಬ್ಬರೇ. ಅವರ ಹೆತ್ತವರು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ ತೋಟದಲ್ಲಿದ್ದ ತಮಿಳರು. ಎರಡು ಸರ್ಕಾರಗಳು ಮಾತಾಡಿಕೊಂಡು ಅವರನ್ನು ಹಡಗು ಹತ್ತಿಸಿ ಇತ್ತ ಕಳಿಸಿದಾಗ ಅಕ್ಕನಿಗೆ ಎಂಟು ವರ್ಷ. ಮದುವೆಯಾಗಿ ನಮ್ಮೂರಿಗೆ ಬಂದ ಮೇಲೆ ನಮ್ಮ ಅಂಗಳದಲ್ಲಿ ಮೆಣಸು ತುಳಿದು ಕಾಳು ಬೇರ್ಪಡಿಸುವ ಕೆಲಸ ಅವರದೇ ಆಗಿತ್ತು.

ಕೊಯ್ಲಿಗೆ ಮುಂಚಿನ ಒಂದು ಮಧ್ಯಾಹ್ನ ದೊಡ್ಡಪ್ಪ ಮಾನಂತವಾಡಿಯ ಅಂಗಡಿಯಿಂದ ಕಾಗದದಲ್ಲಿ ಒಂದು ಹಿಡಿ ಮೆಣಸು ತಂದು ಅವರ ಮುಂದಿಟ್ಟರು.

"ತಗೋ, ನಿನ್ನ ತವರಿಂದ ಬಂದಿದೆ."

ಅಕ್ಕ ಒಂದು ಕಾಳು ಕಚ್ಚಿ ಮುಖ ಕಿವುಚಿದರು. "ಅಯ್ಯೋ ಅಣ್ಣಾ, ಈ ತೋಟದ್ದಕ್ಕಿಂತ ಖಾರ ಇದೆ! ನಾನು ಅಲ್ಲಿ ನೋಡಿದ್ದು ಚಹಾ ಗಿಡ ಮಾತ್ರ. ಇದೆಲ್ಲ ಎಲ್ಲಿ ಅಡಗಿಸಿಟ್ಟಿದ್ದರೋ."

ದೊಡ್ಡಪ್ಪ ನಗಲಿಲ್ಲ. ನನ್ನ ಕಡೆ ತಿರುಗಿದರು. "ಓದಿದವಳು ನೀನು ಹೇಳು. ನಮ್ಮ ಬೆಲೆ ಬೀಳಿಸಿದ್ದು ಇವಳ ದೇಶ ತಾನೆ?"

"ಅಲ್ಲಿಂದ ಬರೋ ಮೆಣಸಿಗೆ ಸುಂಕ ಇಲ್ಲ. ಬೆಲೆ ಬೀಳೋಕೆ ಅದೂ ಒಂದು ಕಾರಣ," ಎಂದೆ.

ಉತ್ತರ ಸರಿಯಾಗಿಯೇ ಇತ್ತು. 'ಇವಳ ದೇಶ' ಎಂಬುದನ್ನು ಮಾತ್ರ ನಾನು ತಿದ್ದಲಿಲ್ಲ.

ನಮ್ಮಲ್ಲಿ ಕೊಯ್ಲಿನ ಕೆಲಸಕ್ಕೆ ಮನೆಯ ಹಿರಿಯರೇ ಹೋಗಿ ಕರೆಯಬೇಕು. ಕರೆಯದೆ ಯಾರೂ ಬರುವುದಿಲ್ಲ. ಆ ವಾರ ದೊಡ್ಡಪ್ಪ ತಾವೇ ಏಣಿ ಹತ್ತಿದರು. ಅಕ್ಕನ ಮನೆಗೆ ಹೋಗಲಿಲ್ಲ.

"ಒಪ್ಪಂದ ಮಾಡಿದ್ದು ದೆಹಲಿಯವರು," ಎಂದೆ ನಾನು, ತಡವಾಗಿ.

"ದೆಹಲಿಯವರು ನನ್ನ ಅಂಗಳಕ್ಕೆ ಬರೋದಿಲ್ಲ. ಇವಳು ಬರ್ತಾಳೆ."

ಮರುದಿನ ನಾನೇ ಹೋದೆ. ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮೆಣಸು ರಾಶಿ ಬಿದ್ದಿದೆ, ಬನ್ನಿ ಎಂದೆ.

"ಅಣ್ಣ ಕಳಿಸಿದ್ರಾ?"

ಹೌದು ಎನ್ನಬಹುದಿತ್ತು. ಅದನ್ನು ಹೇಳಲು ಒಂದು ಕ್ಷಣವೂ ಬೇಕಿರಲಿಲ್ಲ.

"ಇಲ್ಲ. ನಾನೇ ಬಂದೆ."

"ಹಾಗಾದ್ರೆ ಕೂತ್ಕೋ ಮೋಳೆ, ಚಾಯ ಕುಡಿದು ಹೋಗು," ಎಂದು ಮಗಳಿಗೆ ಹೇಳುವಂತೆ ಹೇಳಿ ಅವರು ಒಲೆಯ ಕಡೆ ನಡೆದರು. ಕೆಲಸದ ಮಾತು ಮತ್ತೆ ಬರಲಿಲ್ಲ.

ಆ ವರ್ಷ ಅಂಗಳದಲ್ಲಿ ಚಾಪೆ ಹಾಸಿ ಮೆಣಸು ತುಳಿದವಳು ನಾನು. ಎರಡನೇ ದಿನಕ್ಕೆ ಪಾದಗಳು ಉರಿಯತೊಡಗಿದವು. ರಾತ್ರಿ ಎಣ್ಣೆ ಹಚ್ಚಿದರೂ ಇಳಿಯಲಿಲ್ಲ. ಮೂರನೇ ದಿನ ದೊಡ್ಡಪ್ಪ ಚಾಪೆಯ ಅಂಚಿನಲ್ಲಿ ನಿಂತು ನನ್ನ ಕಾಲುಗಳನ್ನು ನೋಡಿದರು.

"ಅವಳು ಇಷ್ಟು ವರ್ಷ ಹೇಗೆ ತುಳೀತಿದ್ದಳೋ," ಎಂದರು.

"ಹೋಗಿ ಕೇಳಿ."

ಅವರು ಹೆಗಲ ಮೇಲಿನ ಟವೆಲು ಕೊಡವಿ ಗೇಟಿನವರೆಗೆ ಹೋದರು. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದರು. ಲುಂಗಿ ಎತ್ತಿ ಕಟ್ಟಿ ಚಾಪೆಯ ಇನ್ನೊಂದು ತುದಿಯಲ್ಲಿ ತುಳಿಯಲು ಶುರುಮಾಡಿದರು.